ಎಲ್ಬೋದೊಳಗಿನ ಎರಡು ಸೆಂಟಿಮೀಟರ್

"ಅರೇ, ಛೋಟಾ ಪಡ್ ಗಯಾ," ಎಂದು ವರುಣ್ ಉದ್ದ ಸಾಲದ ಪೈಪಿನ ತುಂಡನ್ನು ಹಿಡಿದು ಕುಕ್ಕರಿಸಿದ.

ನೋಯ್ಡಾದ ಆ ಸೊಸೈಟಿಯ ಟೆರೇಸಿನಲ್ಲಿ ನಡೆಯುವ ಅಹಲ್ಯಾ ಆಂಟಿಯ ಭಾನುವಾರದ ಗಣಿತಕ್ಕೆ ಬೋರ್ಡೂ ಇಲ್ಲ, ಪುಸ್ತಕವೂ ಇಲ್ಲ. ಟ್ಯಾಂಕಿನಿಂದ ಹೂಕುಂಡಗಳವರೆಗೆ ಮಕ್ಕಳೇ ಪೈಪು ಜೋಡಿಸಿ ನೀರು ಹರಿಸಬೇಕು, ಅದೇ ಲೆಕ್ಕ. ಬಾಕಿ ಇದ್ದದ್ದು ಕೊನೆಯ ಜೋಡಣೆಯೊಂದೇ. ಪೈಪು ತಿರುಗುವ ಮೂಲೆಗೆ ಹಾಕುವ ಎರಡು ಎಲ್ಬೋಗಳ ನಡುವೆ ಅರವತ್ತು ಸೆಂಟಿಮೀಟರ್ ಜಾಗ. ವರುಣ್ ಅಳೆದೂ ಅಳೆದೂ ಅರವತ್ತಕ್ಕೇ ಕತ್ತರಿಸಿದ್ದ. ಈ ಕಡೆ ಕೂರಿಸಿದರೆ ಆ ಕಡೆ ಬಿಟ್ಟುಕೊಳ್ಳುತ್ತಿತ್ತು.

"ಇನ್ನೊಂದೇ ತುಂಡು ಇರೋದು. ಅಂಗಡಿ ಭಯ್ಯಾ ಶಟರ್ ಎಳೆದಾಯ್ತು. ಇದೂ ಹಾಳಾದ್ರೆ ಮುಂದಿನ ವಾರವೇ ಸರಿ," ಅಂದರು ಆಂಟಿ. ಈ ಬಿಸಿಲಿಗೆ ಗಿಡಗಳು ಮುಂದಿನ ವಾರದವರೆಗೆ ಉಳಿಯಬೇಕಲ್ಲ!

ಮಕ್ಕಳ ಗುಂಪಿನಲ್ಲಿದ್ದ ಗಾನವಿ ಬಗ್ಗಿ ಎಲ್ಬೋದೊಳಗೆ ಇಣುಕಿ ನೋಡಿದ್ದಳು. ಎಲ್ಲಿ ತಪ್ಪಿತೆಂದು ಅವಳಿಗೆ ಹೊಳೆದುಬಿಟ್ಟಿತ್ತು. ಆದರೆ ಬಾಯಿ ಬಿಡುವುದು ಹೇಗೆ? ಸ್ಕೂಲಿನಲ್ಲಿ ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದು ಇಡೀ ಕ್ಲಾಸಿನ ಮುಂದೆ ನಗೆಪಾಟಲಾದಂದಿನಿಂದ ಗಣಿತದ ಪೀರಿಯಡ್ಡಿನಲ್ಲಿ ಕೈ ಎತ್ತುವುದನ್ನೇ ಬಿಟ್ಟ ಹುಡುಗಿ ಅವಳು. ಈಗಲೂ ತಪ್ಪಿದರೆ ಇವರೂ ನಗುತ್ತಾರೆ.

ಆದದ್ದಾಗಲಿ ಎಂದು ಎಲ್ಬೋದ ಬಾಯಿಗೆ ಸ್ಕೇಲು ತೂರಿಸಿದಳು. "ಆಂಟಿ, ಪೈಪ್ ಇದ್ರ ಅಂದರ್ ಹೋಗ್ಬೇಕಲ್ವಾ? ಈ ಕಡೆ ಎರಡು, ಆ ಕಡೆನೂ ಎರಡು. ಸಿಕ್ಸ್ಟಿ ಅಲ್ಲ, ಸಿಕ್ಸ್ಟಿ ಫೋರ್."

"ಪಕ್ಕಾ?" ಎಂದ ವರುಣ್.

ಆಂಟಿ ಗರಗಸವನ್ನು ಅವಳ ಕೈಗಿತ್ತು, "ನೀನೇ ಕತ್ತರಿಸು ಪುಟ್ಟಿ," ಅಂದರು.

ತುಂಡು ಇದ್ದದ್ದೇ ಅರವತ್ತೈದು. ಗಾನವಿ ಅರವತ್ತನಾಲ್ಕಕ್ಕೆ ಗುರುತು ಹಾಕಿ ಕೊಯ್ದಳು. ಉಂಗುರದಂಥ ಬಿಳಿ ಚೂರೊಂದು ನೆಲಕ್ಕುರುಳಿತು. ಎಲ್ಲರೂ ಸೇರಿ ಎಲ್ಬೋವನ್ನು ಕೊಂಚ ಹಿಂದಕ್ಕೆ ಜಗ್ಗಿ ಹಿಡಿದರು. ಪೈಪು ಎರಡೂ ಕಡೆ ಗಟ್ಟಿಯಾಗಿ ಕೂತಿತು. ವರುಣ್ ಓಡಿಹೋಗಿ ವಾಲ್ವ್ ತಿರುಗಿಸಿದ. ಪೈಪು ಗೊರಗೊರ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಕೊನೆಯ ಕುಂಡದ ಕರಿಬೇವಿನ ಬುಡಕ್ಕೆ ದಬದಬ ನೀರು.

"ಚಲ್ ಗಯಾ, ಚಲ್ ಗಯಾ," ಎಂದು ಮಕ್ಕಳು ಆ ನೀರಿನಲ್ಲೇ ಕುಣಿದರು. ಎಲ್ಲರಿಗಿಂತ ಹೆಚ್ಚು ನೆನೆದವಳು ಗಾನವಿ. ಅವಳಿಗೆ ಖುಷಿ ತಡೆಯಲಾಗಲಿಲ್ಲ.

ಸೋಮವಾರ ಗಣಿತದ ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದು, "ಕೌನ್ ಕರೇಗಾ?" ಎಂದು ಲೆಕ್ಕ ಬಿಡಿಸುವವರಿಗಾಗಿ ತಿರುಗಿದರು. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅದರ ಹೆಬ್ಬೆರಳಿನಲ್ಲಿ ಉಂಗುರದಂತೆ ಬಿಳಿ ಪೈಪಿನ ಚೂರಿತ್ತು.