ಅಮ್ಮನ ಕಿವಿಯೂ ಕಂಪೈಲರಿನ ಹಟವೂ

ಕಂಪೈಲರ್ ಮತ್ತೆ ನೆಗೆದುಬಿತ್ತು. ನಾವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವುದು ಅದರ ಕೆಲಸ. ಅದು ಬಿಟ್ಟು ‘ಆಂತರಿಕ ದೋಷ’ ಎಂದು ಕೈಯೆತ್ತಿ ಕೂತಿತ್ತು. ದೋಷ ಯಾರದು? ಅದರದೇ. ಅನುಭವಿಸಬೇಕಾದವಳು ಮಾತ್ರ ನಾನು.

ನಮ್ಮ ಕಂಪನಿ ಮಾಡುವುದು ಶ್ರವಣಯಂತ್ರ. ಹೊಸ ಮಾದರಿಯನ್ನು ಮೊದಲು ಹಾಕಿಕೊಳ್ಳಬೇಕಾದವಳು ನನ್ನಮ್ಮ. ಹಿಂದಿನ ಎರಡನ್ನು ಕಪಾಟಿಗೆ ಎಸೆದಿದ್ದ ಅವಳು ಈ ಸಲ ಖಡಾಖಂಡಿತವಾಗಿ ಹೇಳಿದ್ದಳು: “ಇದೇ ಕೊನೆ. ಇದೂ ಸರಿಹೋಗ್ಲಿಲ್ಲ ಅಂದ್ರೆ ಇನ್ನು ನನ್ನ ಕಿವಿ ತಂಟೆಗೆ ಬರಬೇಡ.”

ಆಪ್ಟಿಮೈಸೇಶನ್ ಹಾಕಿದರೆ ಕೋಡು ಚುರುಕಾಗುತ್ತದೆ, ಆದರೆ ಕಂಪೈಲರ್ ಸಾಯುತ್ತದೆ. ತೆಗೆದರೆ ಕಂಪೈಲರ್ ಬದುಕುತ್ತದೆ, ಕೋಡು ತೆವಳುತ್ತದೆ. ಬೇರೆ ದಾರಿ ಕಾಣದೆ ಅದನ್ನು ತೆಗೆದೇ ಕೋಡನ್ನು ಶ್ರವಣಯಂತ್ರಕ್ಕೆ ತುಂಬಿ, ಅಮ್ಮನ ಕಿವಿಗೆ ಸಿಕ್ಕಿಸಿ, “ಕೇಳ್ತಾ ಇದ್ಯಾ?” ಎಂದು ಕಿರುಚಿದೆ.

“ನೀನು ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತೆ ಕಣೇ! ನಿನ್ನ ಬೈಗುಳಾನ ಎರಡೆರಡು ಸಲ ಅನುಭವಿಸ್ಬೇಕಾ ನಾನು? ಒಂದ್ಸಲ ಕಣ್ಣಿಗೆ, ಒಂದ್ಸಲ ಕಿವಿಗೆ?” ಅಮ್ಮ ಯಂತ್ರ ಕಿತ್ತು ಮೇಜಿನ ಮೇಲಿಟ್ಟಳು.

“ಬೈದಿಲ್ಲಮ್ಮ, ಕೇಳಿದ್ದು!” ಎಂದೆ. ಯಾರಿಗೆ ಕೇಳಬೇಕು?

ಬಾಸ್‌ಗೆ ಫೋನ್ ಮಾಡಿದೆ. “ಕಂಪೈಲರ್ ಮಾಡಿದವ್ರು ಏನಂದ್ರು?” ಎಂದರು.

“ಮುಂದಿನ ಆವೃತ್ತೀಲಿ ನೋಡ್ತೀವಿ ಅಂದ್ರು ಸರ್.”

“ಹಾಗಾದ್ರೆ ಕಾಯೋಣ.”

ಕಾಯೋಣ ಎನ್ನುವುದಕ್ಕೆ ಇವರ ಗಂಟೇನು ಹೋಗುತ್ತದೆ! ಸಿಟ್ಟಿನಲ್ಲೇ ಕೂತು ಫೈಲುಗಳನ್ನು ಒಂದೊಂದಾಗಿ ಕಂಪೈಲ್ ಮಾಡುತ್ತಾ ಹೋದೆ. ಅದು ಎಡವುತ್ತಿದ್ದದ್ದು ಒಂದೇ ಒಂದು ಕಡೆ, ಬ್ಯಾಟರಿ ಎಷ್ಟಿದೆ ಎಂದು ನೋಡುವ ಯಃಕಶ್ಚಿತ್ ಫಂಕ್ಷನ್‌ನಲ್ಲಿ. ಅದು ನಿಧಾನವಾದರೆ ಯಾರಿಗೂ ನಷ್ಟವಿಲ್ಲ. ಅದೊಂದಕ್ಕೆ ಮಾತ್ರ ಆಪ್ಟಿಮೈಸೇಶನ್ ಬೇಡವೆಂದು ಮೇಲೊಂದು ಸಾಲು ಬರೆದು, ಉಳಿದದ್ದಕ್ಕೆಲ್ಲ ಮತ್ತೆ ಹಾಕಿದೆ. ಕಂಪೈಲರ್ ತೆಪ್ಪಗೆ ಕೆಲಸ ಮುಗಿಸಿತು. ಇಷ್ಟಕ್ಕೆ ಒಂದು ವಾರದಿಂದ ನನ್ನ ಪ್ರಾಣ ಹಿಂಡಿತ್ತು ಈ ಪೀಡೆ.

ಕಾಡಿ ಬೇಡಿ ಅಮ್ಮನ ಕಿವಿಗೆ ಮತ್ತೆ ಯಂತ್ರ ಹಾಕಿದೆ. ಅವಳು ಮುಖ ಊದಿಸಿಕೊಂಡು ನನಗೆ ಬೆನ್ನು ಹಾಕಿ ಕೂತಳು. ಅಭ್ಯಾಸಬಲದಿಂದ ಕಿರುಚಲು ಬಾಯಿ ತೆರೆದ ನಾನು ತಡೆದುಕೊಂಡು, ಮೆಲ್ಲಗೆ ಕೇಳಿದೆ: “ಅಮ್ಮಾ, ಟೀ ಮಾಡ್ಲಾ?”

ಅಮ್ಮ ತಟ್ಟನೆ ತಿರುಗಿದಳು.

“ನಿನ್ನ ದನಿ ಇಷ್ಟು ಮೆತ್ತಗಿದ್ಯೇನೇ? ಇಷ್ಟು ವರ್ಷ ನಿಂಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ.”

ಅಡುಗೆಮನೆಗೆ ಹೋಗಿ ನಿಂತೆ. ಅಳು ಒತ್ತರಿಸಿ ಬರುತ್ತಿತ್ತು. ಅಳುವಂತೆಯೂ ಇರಲಿಲ್ಲ, ಈಗ ಅದೂ ಅವಳಿಗೆ ಕೇಳಿಸುತ್ತದೆ.