ಸಾವಂತ್ರವ್ವನ ಫಂಕಾ

ಸಾವಂತ್ರವ್ವ ಯಾರನ್ನೂ ಬೈಯದೆ ಬೋಟನ್ನು ದಡದಿಂದ ಬಿಟ್ಟದ್ದನ್ನು ನಾನು ಕಂಡಿಲ್ಲ. ತಡವಾಗಿ ಬಂದವರನ್ನು, ಬೇಗ ಬಂದು ನಡುವೆ ನಿಂತವರನ್ನು, ಯಾರೂ ಸಿಗದಿದ್ದರೆ ನೀರನ್ನೇ ಬೈದು ಆಕೆ ಎಂಜಿನ್ನಿನ ಹಗ್ಗ ಎಳೆಯುತ್ತಾಳೆ. ಇಳಕಲ್ ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಕೋಟು, ನೆಲದ ಮೇಲೂ ಬೋಟಿನಲ್ಲಿ ನಡೆದಂತೆ ಕಾಲಗಲಿಸಿ ಇಡುವ ಹೆಜ್ಜೆ, ಮಾತುಮಾತಿಗೆ ‘ಸುಡ್ಲಿ’ ಎಂಬ ಪಲ್ಲವಿ. ಬಸವನ ಬಾಗೇವಾಡಿ ತಾಲೂಕಿನ ಅಂಚಿನಲ್ಲಿ ಕೃಷ್ಣೆಯ ಹಿನ್ನೀರು ದಾಟಿ ಆಚೆ ದಡದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನಾನು, ಪ್ರಾರ್ಥನೆಗಿಂತ ಮೊದಲು ಆಕೆಯ ಬೈಗುಳ ಕೇಳಿದವನು. ನಿವೃತ್ತನಾದ ಮೇಲೂ ಗೆಳೆಯರನ್ನು ಕಾಣಲು ಅದೇ ಬೋಟು ಹತ್ತುವವನು.

ಗಂಡ ಒಬ್ಬನೇ ಮೀನಿಗೆ ಹೋಗುತ್ತಿದ್ದ ಬೋಟು ಅದು. ಅವನ ತರುವಾಯ ಆಕೆ ಅದರಲ್ಲಿ ಜನರನ್ನು ಸಾಗಿಸತೊಡಗಿದಳು. ಕಳೆದ ಆಷಾಢದಲ್ಲಿ ತುಂಬಿದ ಬೋಟು ಎದುರುಗಾಳಿಗೆ ಸಿಕ್ಕಿತು; ಎಂಜಿನ್ ನರಳುತ್ತಿದ್ದಂತೆಯೇ ನಾವು ನಡುನೀರಿನಿಂದ ಹಿಂದಕ್ಕೆ ಸರಿದು, ಹೇಗೋ ಹೊರಟ ದಡಕ್ಕೇ ಬಂದು ಬಿದ್ದೆವು. ಊರ ಹಿರಿಯರಾದ ಶ್ರೀಶೈಲಪ್ಪ ಗೌಡರು ಒದ್ದೆ ಧೋತರ ಹಿಂಡುತ್ತ, “ಈ ಮುದುಕ ಎಂಜಿನ್ ಗುಜರಿಗೆ ಹಾಕು. ಮುಂದಿನ ಮಳಿಗಾಲಕ್ಕೂ ಹಿಂಗಾತಂದ್ರ ನಿನ್ನ ಬೋಟ ಹತ್ತಾಕ ಯಾರನ್ನೂ ಬಿಡೂದಿಲ್ಲ” ಎಂದರು.

“ಎಂಜಿನ್ ಮುದುಕಾದ್ರ ಗುಜರಿ, ಗೌಡರು ಮುದುಕರಾದ್ರ ಕಟ್ಟಿ ಮ್ಯಾಲ ಗಾದಿ. ಹೌದಿಲ್ರಿ?” ಎಂದಳು ಸಾವಂತ್ರವ್ವ.

ಈ ಬೇಸಗೆಯಲ್ಲಿ ನೀರಿಳಿದಾಗ, ಮುಳುಗಿದ ಹಳೆಯ ಊರಿನ ಗೋಡೆಗೆ ತಗಲಿ, ಎಂಜಿನ್ನಿನ ಕೆಳಗೆ ನೀರಿನಲ್ಲಿ ತಿರುಗುವ ಫಂಕಾದ ಎಲೆಗಳು ಮುರಿದವು. “ಹೆಣ್ಮಗಳಂತ ಮೋಸ ಮಾಡ್ತಾರ, ನೀವೂ ಬರ್ರಿ ಮಾಸ್ತರ” ಎಂದು ನನ್ನನ್ನು ಮುದ್ದೇಬಿಹಾಳಕ್ಕೆ ಎಳೆದೊಯ್ದಳು. ಅಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ತಬ್ರೇಜ ಮುರಿದ ಫಂಕಾವನ್ನು ಬೆಳಕಿಗೆ ಹಿಡಿದ.

“ಆಯಿ, ಇದರ ಎಲಿ ಮಾಡುವಾಗನ ಭಾಳ ಹೊರಳಿಸ್ಯಾರ್ರಿ. ಒಂದ ಸುತ್ತು ತಿರುಗಿದ್ರ ಬೋಟ ದೂರ ಒಯ್ತೈತಿ, ಖಾಲಿ ಬೋಟಿಗೆ ಬೇಷ್. ಮಂದಿ ತುಂಬಿದ್ರ ಎಂಜಿನ್‌ಗೆ ದಮ್ಮ ಸಾಲೂದಿಲ್ಲ. ಕಡಿಮಿ ಹೊರಳಿದ್ದು ತಗೋರಿ. ಓಟ ಕಡಿಮಿ, ಜಗ್ಗೂದು ಹೆಚ್ಚು.”

“ಇದನ್ನ ನಮ್ಮ ಮನಿಯವರು ಆರಿಸಿದ್ದು. ಇದ ನಂಬರಿಂದು ಕೊಡು.”

“ಅವರು ಆರಿಸಿದ್ದು ಮೀನಿಗ್ರಿ.”

“ಸತ್ತವರದು ತಪ್ಪು, ನೀ ಒಬ್ಬಾಂವ ಶಾಣ್ಯಾ? ಸುಡ್ಲಿ ನಿನ್ನ ಅಂಗಡಿ.”

ಅಂಗಡಿಯಿಂದ ಸಿಡಿದೆದ್ದು ಬಂದವಳು ಬಸ್ ಸ್ಟ್ಯಾಂಡಿನಲ್ಲಿ, ಮುರಿದ ಫಂಕಾವನ್ನು ಮಡಿಲಲ್ಲಿಟ್ಟುಕೊಂಡು, ನಮ್ಮ ಊರಿನ ಬಸ್ಸು ಎದುರೇ ಹೋದರೂ ಏಳಲಿಲ್ಲ. “ಮಾಸ್ತರ, ಗಾಳ್ಯಾಗ ಎಂಜಿನ್ ನರಳಿದ್ದು ನೀವೂ ಕೇಳೀರಿ. ಮುದುಕಾಗಿ ನರಳತಿತ್ತೋ, ವಜ್ಜಿ ಹೊರಲಾರದ ನರಳತಿತ್ತೋ?” ನನಗೆ ತಿಳಿಯದೆಂದೆ. “ಮತ್ತ ಇಷ್ಟ ವರ್ಷ ಸಾಲ್ಯಾಗ ಏನ ಕಲಿಸಿದ್ರಿ?” ಎಂದು ಎದ್ದು ದಡದಡನೆ ಹಿಂದಿರುಗಿದಳು.

“ನಿನ್ನ ಮಾತಿನ ಫಂಕಾನ ಕೊಡು,” ಎಂದಳು ತಬ್ರೇಜನಿಗೆ. “ಸುಳ್ಳಾತಂದ್ರ ಅದನ್ನ ನಿನ್ನ ಕೊರಳಿಗೆ ಕಟ್ಟಿ ನೀರಿಗೆ ಬಿಡ್ತೇನಿ.”

ಆಷಾಢ ಬಂತು, ಗಾಳಿಯೂ ಬಂತು. ಪರೀಕ್ಷೆಗೆಂಬಂತೆ ಗೌಡರೇ ಮೊದಲು ಹತ್ತಿ ಕುಳಿತರು, ಬೋಟು ತುಂಬಿತು. ನಡುನೀರಿನಲ್ಲಿ ಎಂಜಿನ್ ನರಳಲಿಲ್ಲ, ಗಂಟಲು ಬಿಚ್ಚಿ ಕೂಗಿತು. ಬೋಟು ನಿಧಾನವಾಗಿ, ಆದರೆ ಒಂದು ಗೇಣೂ ಹಿಂಜರಿಯದೆ, ಅಲೆಗಳನ್ನು ಏರಿ ಮುಂದೆ ನಡೆಯಿತು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಸಾವಂತ್ರವ್ವ ಅಂದು ಅದನ್ನು ಹೇಳಿದಳು, ಹಲ್ಲು ಕಚ್ಚಿ, ನೀರಿನತ್ತ ನೋಡುತ್ತ.

“ಪರಶಾ, ಮೀನಿಗೆ ಹೋಗಾಂವ ನೀ, ಮಂದಿ ಹೊತ್ತಾಕಿ ನಾ. ನಿನ್ನ ಮಾತ ಹಿಡಕೊಂಡು ಇಷ್ಟ ವರ್ಷ ಎಂಜಿನ್ನಿನ ಉಸುರ ಕಟ್ಟಿಸಿದೆ. ಹೋಗಾಂವ ಒಂದ ಮಾತ ಹೇಳಿ ಹೋಗಬಾರದಿತ್ತೇನೋ?”

ಗೌಡರು ತಲೆ ತಗ್ಗಿಸಿದರು. ಆಕೆ ಬೈದದ್ದು ಅವರನ್ನಲ್ಲವೆಂದು ಅವರಿಗೂ ಗೊತ್ತಿತ್ತು.

ಇಂಥವರ ಸಿಟ್ಟನ್ನು ನಾವು ಸ್ವಭಾವದ ದೋಷವೆಂದು ಎಣಿಸಿ ದೂರ ಕೂರುತ್ತೇವೆ. ಆದರೆ ಪ್ರೀತಿಪಾತ್ರರ ಮಾತು ತನಗಿನ್ನು ಹೊಂದದೆಂದು ಒಪ್ಪಿಕೊಳ್ಳಲು ಯಾರಿಗಾದರೂ ಬಲ ಬೇಕು. ಕೆಲವರಿಗೆ ಅದು ವಿವೇಕದಿಂದ ಬರುತ್ತದೆ, ಬಹಳ ಜನರಿಗೆ ಬರುವುದೇ ಇಲ್ಲ. ಇಂಥವರಿಗೆ ಸಿಟ್ಟಿನಿಂದ ಬರುತ್ತದೆ. ಅವರ ಬೆನ್ನ ಹಿಂದೆ ಕುಳಿತು ದಡ ಸೇರುವ ನಾವು, ಅವರು ಮೆಲ್ಲಗೆ ಮಾತಾಡಬೇಕಿತ್ತು ಎನ್ನುವುದು ಯಾವ ನ್ಯಾಯ?