ನಾಲ್ಕನೆಯ ಸಾಲು

"ಇನ್ನೊಂದ್ಸಲ ಒತ್ತಿ," ಎಂದರು ಆಸ್ಪತ್ರೆಯ ಮುಖ್ಯ ವೈದ್ಯೆ.

ಶವಾಗಾರ ಕಾಯುವ ಕೀಲಿಯಣ್ಣ ಒತ್ತಿದ. ಪರದೆಯ ಮೇಲಿನ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ನೀಲಿಯಾಯಿತು. ಕೆಳಗಿನ 'ಹಸ್ತಾಂತರ' ಗುಂಡಿಯನ್ನೂ ಒತ್ತಿದ. ಪಕ್ಕದ ಪುಟ್ಟ ಪ್ರಿಂಟರು ನಾಲಿಗೆ ಚಾಚಿದ ಹಾಗೆ ಒಂದು ಚೀಟಿ ಹೊರಗೆ ಹಾಕಿತು. ಅದರಲ್ಲಿದ್ದದ್ದು ಆ ಹೆಸರಿನವರದೇ ಖಾನೆಯ ನಂಬರು. ಒಂಬತ್ತನೆಯ ಸಲವೂ ಸರಿ.

"ನೋಡಿದ್ರಲ್ಲ ಡಾಕ್ಟ್ರೇ," ಎಂದ ಪ್ರೋಗ್ರಾಮು ಮಾಡಿಕೊಟ್ಟ ಕಂಪನಿಯ ಮ್ಯಾನೇಜರು. "ಪ್ರೋಗ್ರಾಮ್‌ಗೆ ನಿದ್ದೆ ಬರಲ್ಲ, ತೂಕಡಿಸೋದು ಮನುಷ್ಯರೇ."

ಅವನ ಹಿಂದೆ, ಶವಾಗಾರದ ತಣ್ಣನೆಯ ಗೋಡೆಗೆ ಒರಗಿ ನಿಂತಿದ್ದಳು ಪಟ್ಟಿಯಕ್ಕ. ಕಂಪನಿ ತಯಾರಿಸಿದ ಪ್ರೋಗ್ರಾಮುಗಳಲ್ಲಿ ಎಲ್ಲೆಲ್ಲಿ ಪಟ್ಟಿ ಇದೆಯೋ ಅಲ್ಲೆಲ್ಲ ಅವಳದೇ ಕೈ. ಔಷಧದ ಪಟ್ಟಿ, ಹಾಸಿಗೆಗಳ ಪಟ್ಟಿ, ಈಗ ಇದು. ಆಫೀಸಿನ ಹುಡುಗಿಯರು ಸಲಿಗೆಯಿಂದ ಇಟ್ಟ ಹೆಸರು ಕೆಲಸದ ಹೆಸರೇ ಆಗಿ ನಿಂತಿತ್ತು.

ನಿನ್ನೆ ಆದದ್ದು ಇಷ್ಟು. ಬಸ್ಸು ಉರುಳಿ, ಒಂದೇ ದಿನಕ್ಕೆ ಹನ್ನೊಂದು ಹೆಣ ಬಂದವು. ಅವರಲ್ಲೊಬ್ಬನ ಮನೆಯವರು ಮಧ್ಯಾಹ್ನ ಬಂದರು. ಮುಖ ನೋಡುವ ಹಾಗಿಲ್ಲ ಎಂದು ಮೊದಲೇ ಹೇಳಿದ್ದರಿಂದ ಬಟ್ಟೆ ಬಿಚ್ಚದೆ ಒಯ್ದು ಸುಟ್ಟರು. ಇವತ್ತು ಬೆಳಿಗ್ಗೆ ಹೆಂಗಸೊಬ್ಬಳು ಕಾಯಿಲೆಯಿಂದ ಸತ್ತ ತನ್ನ ಅಪ್ಪನನ್ನು ಕೇಳಿಕೊಂಡು ಬಂದಳು. ಅಪ್ಪನ ಖಾನೆ ಖಾಲಿ. ಬಸ್ಸಿನಲ್ಲಿ ಸತ್ತವನು ತನ್ನ ಖಾನೆಯಲ್ಲೇ ಮಲಗಿದ್ದ. ಆ ಮಗಳು ಈಗ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಬಸ್ಸಿನವನ ಮನೆಗೆ ಇನ್ನೂ ಯಾರೂ ತಿಳಿಸಿರಲಿಲ್ಲ. "ಯಾರ ತಪ್ಪು ಅಂತ ಗೊತ್ತಾಗ್ದೆ ಏನಂತ ಹೇಳೋದು?" ಎಂದಿದ್ದರು ವೈದ್ಯೆ.

ಸದ್ಯಕ್ಕೆ ತಪ್ಪು ಕೀಲಿಯಣ್ಣನ ಕಡೆಗೇ ನಡೆದುಕೊಂಡು ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಲಸ. ಮೇಜಿನ ಮೇಲೆ ಅವನನ್ನು ತೆಗೆದುಹಾಕುವ ಕಾಗದ ಸಹಿಗೆ ಕಾಯುತ್ತಿತ್ತು.

"ಚೀಟಿ ನಂಬರೂ ಕಾಲಿಗೆ ಕಟ್ಟಿದ ನಂಬರೂ ಹೊಂದಿತ್ತು ತಾಯಿ," ಎಂದ ಅವನು. "ಹೆಸರು ನೋಡೇ ಒತ್ತಿದೀನಿ. ಮೊದ್ಲು ಪುಸ್ತಕ ಇದ್ದಾಗ ಹೆಸರು ಕೂಗಿ ಖಾನೆ ಎಳೀತಿದ್ದೆ. ಕೂಗೋದು ಬೇಡ, ಚೀಟಿ ಸಾಕು ಅಂದ್ರಿ ನೀವೇ."

"ಹಾಗಿದ್ರೆ ಕಂಪ್ಯೂಟರ್ ಸುಳ್ಳು ಹೇಳ್ತು ಅಂತೀಯಾ?"

"ಸುಳ್ಳು ಅಂತಲ್ಲ. ಅದಕ್ಕೆ ಮರೆವು."

ಮ್ಯಾನೇಜರು ನಕ್ಕ. ಪಟ್ಟಿಯಕ್ಕನಿಗೆ ನಗು ಬರಲಿಲ್ಲ.

ಒಂಬತ್ತು ಸಲವಲ್ಲ, ತೊಂಬತ್ತು ಸಲ ಒತ್ತಿದರೂ ಸರಿಯೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಒತ್ತುತ್ತಿದ್ದದ್ದು ಪರೀಕ್ಷೆಗೆಂದು ತೆರೆದ ನಕಲು ಪಟ್ಟಿಯನ್ನು. ಅಸಲು ಪಟ್ಟಿಗೆ ಮೇಲಿನ ವಾರ್ಡುಗಳಿಂದ ಹೆಸರುಗಳು ಬಂದು ಸೇರುತ್ತಲೇ ಇರುತ್ತವೆ. ಕಣ್ಣಿಗೆ ಕಾಣುವ ಪಟ್ಟಿ ಬರೀ ಕನ್ನಡಿ. ನಿಜವಾದ ಪಟ್ಟಿ ಅದರ ಹಿಂದೆ ಇರುತ್ತದೆ, ಅವಳ ಕಸುಬಿನವರು ಅದನ್ನು ಮಾಡೆಲ್ ಎನ್ನುತ್ತಾರೆ. ಹೊಸಬರೊಬ್ಬರು ಒಳಗೆ ಬರುವಾಗ ಮಾಡೆಲ್ಲು ಡಂಗುರ ಸಾರಬೇಕು: ಇಗೋ, ಮೇಲೊಬ್ಬರು ಬಂದರು, ಉಳಿದವರು ಒಂದೊಂದು ಮೆಟ್ಟಿಲು ಇಳಿಯಿರಿ. ಅವಳ ಮಾಡೆಲ್ಲು ಸಾರುತ್ತಿತ್ತು, ಕನ್ನಡಿಯೂ ಕೇಳಿಸಿಕೊಳ್ಳುತ್ತಿತ್ತು. ನೀಲಿ ಗುರುತು ಕೂಡ ಹೆಸರಿನ ಜೊತೆಗೇ ಇಳಿಯುತ್ತಿತ್ತು. ಆದರೆ ಚೀಟಿ ಅಚ್ಚು ಮಾಡುವ ಭಾಗದಲ್ಲಿ ಅವಳು ಆರಿಸಿದವರನ್ನು ನೆನಪಿಟ್ಟದ್ದು ಆಳಿನಿಂದಲ್ಲ, ಸಾಲಿನ ಸಂಖ್ಯೆಯಿಂದ. ಆಳು ಐದಕ್ಕೆ ಇಳಿದ ಮೇಲೂ ಅದು ನಾಲ್ಕನ್ನೇ ಹಿಡಿದುಕೊಂಡು ಕೂತಿರುತ್ತಿತ್ತು, ಊರು ಬಿಟ್ಟವರ ಹಳೇ ವಿಳಾಸಕ್ಕೆ ಕಾಗದ ಹಾಕುವವರ ಹಾಗೆ. ಮಾಮೂಲಿ ದಿನಗಳಲ್ಲಿ ಗಂಟೆಗೊಬ್ಬರೂ ಸಾಯುವುದಿಲ್ಲ, ಹೆಸರು ಮುಟ್ಟಿ ಗುಂಡಿ ಒತ್ತುವುದರೊಳಗೆ ಯಾರೂ ಬರುವುದಿಲ್ಲ. ನಿನ್ನೆ ಬಂದರು. ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗಲಂತೂ ಹತ್ತು ಸಹೋದ್ಯೋಗಿಗಳ ಹೆಸರು ತುಂಬಿಸಿಟ್ಟಿದ್ದಳು. ಆ ಪಟ್ಟಿಯಲ್ಲಿ ಯಾರೂ ಹೊಸದಾಗಿ ಸಾಯುತ್ತಿರಲಿಲ್ಲ.

ಇದಾದರೂ ಕೆಲಸದ ತಪ್ಪು, ಯಾರಿಗೂ ಆಗುವಂಥದ್ದು. ಇನ್ನೊಂದನ್ನು ಅವಳು ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ಕೀಲಿಯಣ್ಣ ಎರಡು ತಿಂಗಳಲ್ಲಿ ಮೂರು ಸಲ ಫೋನು ಮಾಡಿದ್ದ. "ಮೇಡಂ, ಒಬ್ರನ್ನ ಮುಟ್ಟಿದ್ರೆ ಇನ್ನೊಬ್ರು ಎದ್ದು ಬರ್ತಾರೆ." ಆಗೆಲ್ಲ ಯಾರು ಯಾವ ಖಾನೆಯಲ್ಲಿ ಎಂಬುದು ಅವನಿಗೆ ಬಾಯಿಪಾಠವಿದ್ದುದರಿಂದ ಚೀಟಿ ಹರಿದು ಮತ್ತೆ ಒತ್ತಿದ್ದ; ನಿನ್ನೆ ಹನ್ನೊಂದರ ನೂಕಿನಲ್ಲಿ ಆ ಬಾಯಿಪಾಠ ಉಳಿಯಲಿಲ್ಲ. ಅವಳು ಆ ಮಾತನ್ನು ಟೀ ಹೊತ್ತಿಗೆ ಒಯ್ದು, ಅವನು ಮಾತು ಎಳೆಯುವ ರಾಗ, ನಡುವಿನ ಕೆಮ್ಮು ಎಲ್ಲ ಸೇರಿಸಿ ಆಡಿ ತೋರಿಸಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು ಎಲ್ಲರೂ. ಆಮೇಲೆ ಸೀಟಿಗೆ ಬಂದು ದೂರಿನ ಮುಂದೆ 'ಬಳಸುವವರ ಕೈತಪ್ಪು' ಎಂದು ಬರೆದು ಮುಚ್ಚಿದ್ದಳು. ಮೂರು ಸಲವೂ.

ಬರುವಾಗ ಕಾರಿನಲ್ಲೇ ಮ್ಯಾನೇಜರಿಗೆ ಎಲ್ಲ ಹೇಳಿದ್ದಳು. ಅವನು ಗಾಜು ಏರಿಸಿ, "ನೋಡಮ್ಮ, ನಾಳೆ ಸದ್ದಿಲ್ದೆ ಸರಿ ಮಾಡಿಬಿಡು. ಅವನಿಗೆ ಹೇಗೂ ನಿವೃತ್ತಿ ಹತ್ರ. ಕಂಪನಿ ನಂಬ್ಕೊಂಡು ನಾವು ಮೂವತ್ತು ಜನ ಇದೀವಿ," ಎಂದಿದ್ದ.

ವೈದ್ಯೆ ಪೆನ್ನಿನ ಮುಚ್ಚಳ ತೆಗೆದರು.

"ಡಾಕ್ಟ್ರೇ, ಹತ್ತನೇ ಸಲ ನಾನು ಜೊತೆಗಿರ್ತೀನಿ," ಎಂದಳು ಪಟ್ಟಿಯಕ್ಕ.

ಮ್ಯಾನೇಜರು ತಿರುಗಿ ನೋಡಿದ. ಅವಳು ಅವನ ಕಡೆ ನೋಡದೆ ಲ್ಯಾಪ್‌ಟಾಪು ತೆರೆದು ನಕಲು ಪಟ್ಟಿಗೆ ಜೋಡಿಸಿದಳು. "ಕೀಲಿಯಣ್ಣ, ನಾಲ್ಕನೇ ಹೆಸರು ಮುಟ್ಟಿ. ಗುಂಡಿ ಈಗ್ಲೇ ಒತ್ಬೇಡಿ. ನಾನು ಮೇಲಿನ ವಾರ್ಡು ಅನ್ಕೊಳ್ಳಿ. ಒಂದು ಹೊಸ ಹೆಸರು ಸೇರಿಸ್ಬೇಕು."

"ಯಾರದು?" ಎಂದ ಕೀಲಿಯಣ್ಣ.

ಅವಳಿಗೆ ಯಾವ ಹೆಸರೂ ಹೊಳೆಯಲಿಲ್ಲ.

"ನಂದೇ ಹಾಕಿ," ಎಂದ ಅವನು. "ಹೇಗೂ ಇವತ್ತಿನ ಗಿರಾಕಿ ನಾನೇ."

ಹಾಕಿದಳು. ಪರದೆಯ ನೆತ್ತಿಯಲ್ಲಿ ಅವನ ಹೆಸರು ಬಂದು ಕೂತಿತು, ಉಳಿದವರು ಸದ್ದಿಲ್ಲದೆ ಒಂದೊಂದು ಸಾಲು ಇಳಿದರು. ಅವನು ಮುಟ್ಟಿದ್ದ ಹೆಸರು ಐದನೆಯದಾಗಿ ನೀಲಿಯಾಗಿಯೇ ಇತ್ತು.

"ಈಗ ಒತ್ತಿ."

ಚೀಟಿ ಬಂತು. ವೈದ್ಯೆ ಎತ್ತಿಕೊಂಡು ಪರದೆ ನೋಡಿದರು, ಚೀಟಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಅದು ನಾಲ್ಕನೆಯವರ ನಂಬರಾಗಿತ್ತು.

"ಇವರು ಮೂರು ಸಲ ಹೇಳಿದ್ರು," ಎಂದಳು ಪಟ್ಟಿಯಕ್ಕ. "ಕೇಳಿಸ್ಕೊಂಡು ಸುಮ್ನಿದ್ದೋಳು ನಾನು. ಈ ಪಟ್ಟಿ ಮಾಡಿದ್ದೂ ನಾನೇ."

ಮ್ಯಾನೇಜರು ಫೋನು ಬಂದವನ ಹಾಗೆ ಜೇಬು ಮುಟ್ಟಿಕೊಂಡು ಹೊರಗೆ ಹೋದ. ವೈದ್ಯೆ ಮೇಜಿನ ಮೇಲಿನ ಕಾಗದವನ್ನು ನಾಲ್ಕಾಗಿ ಮಡಿಸಿ ಡ್ರಾಯರಿಗೆ ಹಾಕಿದರು. ಕೀಲಿಯಣ್ಣ ಗೆದ್ದವನ ಹಾಗೇನೂ ಕಾಣಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಕೀಲಿಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ.

ಬಾಗಿಲಲ್ಲಿ ಬೆಂಚಿನ ಹೆಂಗಸು ನಿಂತಿದ್ದಳು. ಯಾವಾಗ ಎದ್ದು ಬಂದಳೋ.

"ಅಪ್ಪನ ಬೂದಿ ಒಯ್ದೋರ ಹತ್ರಾನೇ ಇರತ್ತಲ್ವಾ?" ಎಂದು ಕೇಳಿದಳು, ಯಾರನ್ನು ಎಂದು ಗೊತ್ತಾಗದ ಹಾಗೆ. "ಎಲ್ಲೂ ಬಿಡ್ಬೇಡಿ ಅಂತ ಅವ್ರಿಗೆ ಹೇಳಿ. ಬೇಗ ಹೇಳಿ."

ವೈದ್ಯೆ ಫೋನನ್ನು ತಮ್ಮ ಕಡೆ ಎಳೆದುಕೊಂಡು, ಅರ್ಧಕ್ಕೆ ನಿಲ್ಲಿಸಿದರು. ಪಟ್ಟಿಯಕ್ಕ ಕೈ ನೀಡಿದಳು. ಬಸ್ಸಿನವನ ಮನೆಯ ಫೋನ್ ನಂಬರನ್ನು ಅಸಲು ಪಟ್ಟಿಯಲ್ಲಿ ಅವಳೇ ಹುಡುಕಿ ತೆಗೆದಳು.

ನಾಲ್ಕು ಸಲ ಗಂಟೆ ಆಯಿತು. ಆ ಕಡೆ ಯಾರೋ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು.

"ಹಲೋ," ಎಂದಿತು ಅತ್ತು ಒಡೆದ ಹೆಣ್ಣುದನಿ. ಇವಳು ಬಾಯಿ ತೆರೆಯುವ ಮೊದಲೇ, ನೆಂಟರ ಫೋನೆಂದುಕೊಂಡು ಅದು ಮುಂದುವರಿಸಿತು. "ನೀವು ನಿನ್ನೆ ಬರಕ್ಕಾಗ್ಲಿಲ್ಲ ಅಂತ ಕಾಣತ್ತೆ. ಪರವಾಗಿಲ್ಲ, ಎಲ್ಲ ಸುಸೂತ್ರವಾಗಿ ಆಯ್ತು. ಅಣ್ಣ ತಮ್ಮಂದಿರು ಈಗಷ್ಟೇ ಬೂದಿ ತಗೊಂಡು ಹೊಳೆ ಕಡೆ ಹೊರಟ್ರು."

ಕೀಲಿಯಣ್ಣ ಮೂಲೆಯಲ್ಲಿದ್ದ ಸ್ಟೂಲನ್ನು ಸದ್ದಾಗದ ಹಾಗೆ ಎತ್ತಿ ತಂದು ಪಟ್ಟಿಯಕ್ಕನ ಹಿಂದೆ ಇಟ್ಟ.